ಮೂರನೇ ನಂಬರಿನ ಬಿಲ್ಲೆ

ಲಿಂಗಸುಗೂರಿನಲ್ಲಿ ನಾಲ್ಕು ಮನೆ ನೋಡಿದೆ. ನಾಲ್ಕರಲ್ಲೂ ನಾನು ಮನೆ ನೋಡುವ ಮೊದಲು ಮನೆಯವರು ನನ್ನನ್ನು ನೋಡಿ ಮುಗಿಸಿದರು. ಮದುವೆ ಆಗಿದೆಯಾ, ಮೂವತ್ತೆರಡಾದರೂ ಯಾಕೆ ಆಗಿಲ್ಲ, ಯಾರ್ಯಾರು ಬಂದು ಹೋಗುತ್ತಾರೆ, ಮೊಟ್ಟೆ ಬೇಯಿಸುತ್ತೀರಾ. ನಾಲ್ಕನೆಯವರಂತೂ ನಾನು ಜಮೀನು ಅಳೆಯುವ ಸರ್ವೆ ಕೆಲಸದವಳು ಎಂದು ತಿಳಿದ ಕೂಡಲೇ ಬಾಡಿಗೆಯ ಮಾತು ಬಿಟ್ಟು, ಪಕ್ಕದ ಹೊಲದವನು ಒತ್ತಿಕೊಂಡ ತಮ್ಮ ಬದುವಿನ ಕಥೆ ತೆಗೆದರು. ಚಹಾ ಕುಡಿದು ಎದ್ದು ಬಂದೆ.

ಹಟ್ಟಿಯಲ್ಲಿ ನೋಡಿರಿ ಎಂದವರು ಬಸ್ ನಿಲ್ದಾಣದ ಚಹಾದಂಗಡಿಯವರು. "ಅಲ್ಲಿ ಎಲ್ಲಾ ಊರಿನ ಮಂದಿ ಅದಾರ್ರೀ ಮೇಡಂ. ಗಣಿ ಕೆಲಸಕ್ಕ ಬಂದವರು. ಯಾರೂ ಏನೂ ಕೇಳಂಗಿಲ್ಲ." ನನ್ನ ಕೆಲಸವೋ ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದು ಮೂರು ಕಡೆ ಹಂಚಿಹೋಗಿತ್ತು. ಎಲ್ಲಿದ್ದರೂ ದಿನಕ್ಕೆ ಎರಡು ಬಸ್ಸು ತಪ್ಪಿದ್ದಲ್ಲ. ಹಾಗಿದ್ದ ಮೇಲೆ ಚಿನ್ನದ ಊರಿನಲ್ಲೇ ಯಾಕಿರಬಾರದು ಎನಿಸಿತು. ಕೊಪ್ಪಳದಲ್ಲಿದ್ದ ಅವ್ವನಿಗೆ ಫೋನ್ ಮಾಡಿ ಹೇಳಿದೆ. ಬೀದಿಯಲ್ಲಿ ಬಂಗಾರ ಸಿಕ್ಕರೆ ಸೆರಗಿನಲ್ಲಿ ಕಟ್ಟಿಕೊಂಡು ಬಾ ಎಂದು ನಕ್ಕಳು. ಅಣ್ಣ ನಗಲಿಲ್ಲ. ಮಾಲೀಕರ ನಂಬರು, ಪಕ್ಕದ ಮನೆಯವರ ನಂಬರು, ಹೋಗುವ ಬರುವ ಬಸ್ಸಿನ ಹೊತ್ತು ಎಲ್ಲ ಕಳಿಸು ಎಂದ. ಅಣ್ಣನ ಈ ಪ್ರಶ್ನೆಗಳಿಂದ ದೂರ ಇರಬೇಕೆಂದೇ ನಾನು ಈ ಕಡೆಯ ಪೋಸ್ಟಿಂಗ್ ಕೇಳಿ ಪಡೆದದ್ದು ಅವನಿಗೆ ಗೊತ್ತಿರಲಿಲ್ಲ.

ಹಟ್ಟಿಯಲ್ಲಿ ನನಗೆ ಮೊದಲು ಕಂಡದ್ದು ಚಿನ್ನವಲ್ಲ, ಬೂದಿ ಬಣ್ಣದ ಮರಳಿನ ಗುಡ್ಡ. ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅದು ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಹೇಳಿದಳು. ಅದರಾಚೆ ಕಬ್ಬಿಣದ ಎತ್ತರದ ಚೌಕಟ್ಟು, ಅದರ ತುದಿಯಲ್ಲಿ ತಿರುಗುವ ಗಾಲಿಗಳು. ಗಾಲಿ ತಿರುಗಿದರೆ ಯಾರೋ ಇಳಿಯುತ್ತಿದ್ದಾರೆ ಅಥವಾ ಏರುತ್ತಿದ್ದಾರೆ. ಆಮೇಲಾಮೇಲೆ ನಾನು ಬಸ್ಸಿಳಿದ ಕೂಡಲೇ ಆ ಗಾಲಿಗಳ ಕಡೆ ನೋಡುವುದು ಅಭ್ಯಾಸವಾಯಿತು.

ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಮನೆ ಸಿಕ್ಕಿತು. ಮನೆಯವರು ಇಬ್ಬರೇ, ಎಪ್ಪತ್ತು ದಾಟಿದ ಗಂಡ, ಅವರಿಗಿಂತ ಸ್ವಲ್ಪ ಚಿಕ್ಕವರಾದ ಹೆಂಡತಿ. ಮೊದಲ ದಿನದಿಂದಲೇ ನಾನು ಅವರನ್ನು ತಾತ, ಅಮ್ಮ ಎಂದೆ. ಅಂಗಳದ ಒಂದು ಬದಿಗೆ ಅವರ ಪಡಸಾಲೆ, ಅಡುಗೆಮನೆ. ಇನ್ನೊಂದು ಬದಿಗೆ ಬಾಡಿಗೆಗೆ ಇದ್ದ ಒಂಟಿ ಕೋಣೆ. ಹಳೆಯ ಮಣ್ಣಿನ ಮಾಳಿಗೆ. ದಪ್ಪ ಗೋಡೆ, ತಲೆಯ ಮೇಲೆ ಮರದ ತೊಲೆ, ತೊಲೆಯ ಮೇಲೆ ಮೊಳದಷ್ಟು ದಪ್ಪ ಮಣ್ಣು. ಬೇಸಿಗೆಯಲ್ಲಿ ಫ್ಯಾನಿಲ್ಲದೆಯೂ ಮಲಗಬಹುದು ಎಂದರು ಅಮ್ಮ. ಯಾರೂ ನನ್ನ ಮದುವೆಯ ವಿಚಾರ ಎತ್ತಲಿಲ್ಲ. ಮನಸ್ಸಿನಲ್ಲೇ ಚಹಾದಂಗಡಿಯವರಿಗೆ ಕೈ ಮುಗಿದೆ.

ಆಗ ತಾತ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತ ಒಳಗಿನಿಂದ ಬಂದು ನನ್ನ ಅಂಗೈಯಲ್ಲಿ ಒಂದು ಹಿತ್ತಾಳೆಯ ಬಿಲ್ಲೆ ಇಟ್ಟರು. ರೂಪಾಯಿ ನಾಣ್ಯಕ್ಕಿಂತ ದೊಡ್ಡದು, ಮೇಲೊಂದು ತೂತು, ನಡುವೆ ಚುಕ್ಕೆ ಚುಕ್ಕೆಯಾಗಿ ಹೊಡೆದ ಮೂರು ಎಂಬ ಅಂಕಿ.

"ಒಂದ ಷರತ್ತು ಐತ್ರೀ ಮೇಡಂ. ಹೊರಗ ಹೋಗಬೇಕಾದ್ರ ಇದನ್ನ ಅಲ್ಲಿ ಹಾಕಬೇಕು. ಬಂದ ಕೂಡ್ಲೆ ತಕ್ಕೋಬೇಕು. ಇಷ್ಟ."

ಅಲ್ಲಿ ಎಂದರೆ ತಲೆಬಾಗಿಲ ಪಕ್ಕದ ಗೋಡೆಗೆ ಹೊಡೆದ ಹಲಗೆ. ಹಲಗೆಯಲ್ಲಿ ಮೂರು ಮೊಳೆ. ಒಂದನೇ ನಂಬರು ತಾತನದು, ಎರಡನೇದು ಅಮ್ಮನದು, ಮೂರನೇದು ಬಾಡಿಗೆಯವರದು.

ಇದೆಂಥ ಚೋದ್ಯ ಎಂದು ನಾನು ಅಮ್ಮನ ಮುಖ ನೋಡಿದೆ. ಅವರು ಏನೂ ವಿಶೇಷವಿಲ್ಲ ಎನ್ನುವಂತೆ ಕಸಬರಿಗೆ ಹಿಡಿದು ಅಂಗಳಕ್ಕೆ ಇಳಿದರು.

ಗುಟ್ಟು ತಿಳಿಯಲು ವಾರ ಹಿಡಿಯಿತು. ತಾತ ಗಣಿಯ ದೀಪದ ಕೋಣೆಯಲ್ಲಿ ಕೆಲಸ ಮಾಡಿದವರು. ಕೆಳಗೆ ಇಳಿಯುವ ಪ್ರತಿಯೊಬ್ಬನೂ ಅವರ ಕಿಟಕಿಗೆ ಬಂದು ತನ್ನ ನಂಬರಿನ ಬಿಲ್ಲೆ ಕೊಟ್ಟು ತಲೆಗೆ ಕಟ್ಟುವ ದೀಪ ತೆಗೆದುಕೊಳ್ಳಬೇಕು. ಅವರು ಬಿಲ್ಲೆಯನ್ನು ಬೋರ್ಡಿನ ಮೊಳೆಗೆ ಹಾಕಬೇಕು. ಪಾಳಿ ಮುಗಿದು ಮೇಲೆ ಬಂದವನು ದೀಪ ಕೊಟ್ಟು ಬಿಲ್ಲೆ ಪಡೆಯಬೇಕು. ಬೋರ್ಡಿನಲ್ಲಿ ಬಿಲ್ಲೆ ಇದೆ ಎಂದರೆ ಅದರ ಮನುಷ್ಯ ನೆಲದ ಕೆಳಗಿದ್ದಾನೆ. ಪಾಳಿಯ ಎಲ್ಲ ಮೊಳೆ ಖಾಲಿಯಾಗುವವರೆಗೆ ತಾತ ತಮ್ಮ ಬುತ್ತಿ ಬಿಚ್ಚುತ್ತಿರಲಿಲ್ಲವಂತೆ. ಹಾಗೆಂದು ಯಾರೂ ಹೇಳಿರಲಿಲ್ಲ, ಅದು ಅವರೇ ಹಾಕಿಕೊಂಡ ನೇಮ. ನಿವೃತ್ತಿಯಾದ ಮೇಲೆ ಲಿಂಗಸುಗೂರಿನ ಪಾತ್ರೆ ಅಂಗಡಿಯಲ್ಲಿ ಹಿತ್ತಾಳೆ ಕತ್ತರಿಸಿ ಮೂರು ಬಿಲ್ಲೆ ಮಾಡಿಸಿಕೊಂಡು ಬಂದರು.

"ನೀವು ಎಷ್ಟು ಆಳಕ್ಕೆ ಇಳಿದಿದ್ದೀರಿ ತಾತ?" ಎಂದು ಒಮ್ಮೆ ಕೇಳಿದೆ. ನನಗೆ ಭೂಮಿಯ ಕೆಳಗಿನ ವಿಷಯ ಕೇಳುವ ಹುಚ್ಚು ಹತ್ತಿತ್ತು. ಕೆಳಗೆ ಸೆಕೆಯೋ ತಂಪೋ, ಅಲ್ಲಿ ಊಟ ಎಲ್ಲಿ ಮಾಡುತ್ತಾರೆ, ಚಿನ್ನ ಕಣ್ಣಿಗೆ ಕಾಣುತ್ತದೋ ಇಲ್ಲವೋ.

"ಒಮ್ಮೀನೂ ಇಳಿದಿಲ್ರೀ," ಎಂದರು ತಾತ. "ನನ್ನ ಕೆಲಸ ಮ್ಯಾಲಿಂದು. ನಾ ಇಳಿದ್ರ ಬೋರ್ಡ್ ಯಾರು ನೋಡ್ತಿದ್ರು?"

ಜೀವಮಾನವೆಲ್ಲ ಬಾವಿಯ ಬಾಯಲ್ಲಿ ಕುಳಿತವರು ಒಮ್ಮೆಯೂ ಒಳಗೆ ಇಣುಕಲಿಲ್ಲ ಎಂಬುದು ನನಗೆ ನಂಬಲಾಗಲಿಲ್ಲ. ನಾನಾಗಿದ್ದರೆ ಮೊದಲನೇ ವಾರವೇ ಏನಾದರೂ ನೆಪ ಹೂಡಿ ಇಳಿಯುತ್ತಿದ್ದೆ.

ಊರು ನನಗೆ ಹಿಡಿಸಿತು. ದಿನಕ್ಕೆ ಮೂರು ಸಲ ಸೈರನ್ ಕೂಗುತ್ತಿತ್ತು, ಅಮ್ಮ ಆ ಕೂಗಿಗೆ ಅಕ್ಕಿ ತೊಳೆಯುತ್ತಿದ್ದರು. ಕೆಲವು ಸಲ ಕೆಳಗೆಲ್ಲೋ ಬಂಡೆ ಒಡೆದಾಗ ಗೂಡಿನಲ್ಲಿದ್ದ ಲೋಟಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಮೊದಲ ಸಲ ನಾನು ಹೊರಗೆ ಓಡಿ ಬಂದಿದ್ದೆ, ಅಮ್ಮ ಸೋಸುತ್ತಿದ್ದ ತೊಗರಿಬೇಳೆಯಿಂದ ತಲೆ ಎತ್ತಲಿಲ್ಲ. ರಾತ್ರಿ ಪಾಳಿಯವರು ಹಗಲು ಮಲಗುವ ಊರು ಅದು. ಬದನೆಕಾಯಿ ಮಾರುವವಳು ನಮ್ಮ ಓಣಿಗೆ ತಿರುಗಿದ ಕೂಡಲೇ ಕೂಗು ನಿಲ್ಲಿಸಿ, ಬಾಗಿಲು ಬಾಗಿಲಿಗೆ ಬಂದು ಪಿಸುಮಾತಿನಲ್ಲಿ ಬದನೆಕಾಯಿ ಬೇಕೇ ಎಂದು ಕೇಳುತ್ತಿದ್ದಳು, ಏನೋ ಕದ್ದ ಮಾಲು ಮಾರುವವಳ ಹಾಗೆ.

ಹಿತ್ತಲಲ್ಲಿ ನಡುವೆ ಗುಳಿ ಬಿದ್ದ ಒಂದು ಕರಿಕಲ್ಲಿತ್ತು. ಅಮ್ಮ ಅದರಲ್ಲಿ ನಾಯಿಗೆ ನೀರು ಹಾಕುತ್ತಿದ್ದರು. ಈ ಸೀಮೆಯಲ್ಲಿ ರಾಜರ ಕಾಲಕ್ಕೂ ಹಿಂದಿನಿಂದ ಜನ ಚಿನ್ನ ಅಗೆಯುತ್ತ ಬಂದಿದ್ದಾರೆ, ಅದಿರಿನ ಕಲ್ಲನ್ನು ಕಲ್ಲಿನಿಂದಲೇ ಅರೆಯುತ್ತಿದ್ದರು ಎಂದು ಓದಿದ್ದೆ. ಇದು ಅಂಥದ್ದೇ ಇರಬೇಕು ಎಂದು ಕುಕ್ಕರಗಾಲಲ್ಲಿ ಕುಳಿತು, ಗುಳಿಯ ಉದ್ದ ಅಗಲ ಆಳ ಟೇಪಿನಿಂದ ಅಳೆದು ಬರೆದುಕೊಂಡೆ. ಅಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದರು. "ನಾಯಿ ಹೆಸರಿಗೆ ಪಟ್ಟಾ ಮಾಡಿಸ್ತೀಯೇನು ಬೇ?" ಎಂದರು.

ಎಲ್ಲ ಸರಿ, ಬಿಲ್ಲೆಯೊಂದೇ ನನಗೆ ಮುಳ್ಳಾಯಿತು.

ಒಂದು ಸಂಜೆ ಸಿಂಧನೂರಿನಿಂದ ಬರುವಾಗ ಮಸ್ಕಿಯಲ್ಲಿ ಸಂತೆಯ ಗದ್ದಲ, ಲಿಂಗಸುಗೂರಿನಲ್ಲಿ ಹಟ್ಟಿ ಬಸ್ಸು ತಪ್ಪಿತು. ಮನೆ ಮುಟ್ಟಿದಾಗ ಎಂಟೂವರೆ. ತಾತ ಜಗಲಿಯ ಮೇಲೆ ಕುಳಿತಿದ್ದರು. ನಾನು ಬಿಲ್ಲೆ ತೆಗೆದುಕೊಂಡೆ. ಅವರು ಖಾಲಿ ಮೊಳೆಯನ್ನೊಮ್ಮೆ ನೋಡಿ "ಹ್ಞಾಂ" ಎಂದು ಎದ್ದು ಒಳಗೆ ಹೋದರು. ಆಮೇಲೆ ಒಳಗಿನಿಂದ ತಾಟಿನ ಸದ್ದು ಕೇಳಿತು. ಆಗ ನನಗೆ ಹೊಳೆಯಿತು, ಆ ಮನುಷ್ಯ ನನಗಾಗಿ ಉಪವಾಸ ಕುಳಿತಿದ್ದರು.

ಮರುದಿನ ಅಮ್ಮನನ್ನು ಕೇಳಿದೆ. "ಅವರ ಚಾಳಿ ಅದು. ನಾ ಹೆಪ್ಪಿಗೆ ಮಜ್ಜಗಿ ತರಾಕ ಬಾಜೂ ಮನಿಗೆ ಹೋದ್ರೂ ಬಿಲ್ಲಿ ಹಾಕೇ ಹೋಗ್ತೀನಿ. ಬೋರ್ಡ್ ಮ್ಯಾಗ ಬಿಲ್ಲಿ ಇದ್ರ ಅವರಿಗೆ ಅನ್ನ ಇಳಿಯಂಗಿಲ್ಲ. ನಿನಗಿಂತ ಮೊದಲು ಒಬ್ರು ಇದ್ರು, ಗಂಡ ಹೆಂಡ್ತಿ. ಇದೇನ್ ಜೈಲೇನ್ರೀ ಅಂತ ತಿಂಗಳದಾಗ ಬಿಟ್ಟು ಹೋದ್ರು."

ನನಗೂ ಸಿಟ್ಟು ಬಂತು. ಇದು ಪ್ರೀತಿಯೂ ಅಲ್ಲ, ಕಾವಲೂ ಅಲ್ಲ, ಯಾರದೋ ಹಸಿವನ್ನು ತಂದು ನನ್ನ ಕೊರಳಿಗೆ ಕಟ್ಟಿದಂತೆ. ಸಿಂಧನೂರಿನ ಆಫೀಸಿನ ಗೆಳತಿಯೊಂದಿಗೆ ಇನ್ನೊಂದು ಚಹಾ ಕುಡಿಯೋಣ ಎಂದರೆ ಜಗಲಿಯ ಮೇಲೆ ಕುಳಿತ ತಾತ ಕಣ್ಣಿಗೆ ಬರುತ್ತಿದ್ದರು. ಅಣ್ಣನಾದರೆ ಫೋನಿನಲ್ಲಿ ಕಿರುಚುತ್ತಿದ್ದ, ತಿರುಗಿ ಕಿರುಚಬಹುದಿತ್ತು. ಸುಮ್ಮನೆ ಕಾಯುವವರೊಂದಿಗೆ ಜಗಳವಾಡುವುದು ಹೇಗೆ?

ಮನೆ ಬಿಡಬಹುದಿತ್ತು. ಆದರೆ ಮನೆಯೂ ಬೇಕು, ಊರೂ ಬೇಕು, ಕಾಯುವುದು ಮಾತ್ರ ಬೇಡ. ಹಾಗಾಗಿ ನಾನೊಂದು ಉಪಾಯ ಕಂಡುಕೊಂಡೆ.

ಬೆಳಿಗ್ಗೆ ಆರಕ್ಕೆ ತಾತ ಚಹಾಕ್ಕೆ ಹೋಗುತ್ತಿದ್ದರು, ಅಮ್ಮ ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದರು. ತಡವಾಗುವುದು ಖಚಿತವಿದ್ದ ದಿನ ನಾನು ಆ ಹೊತ್ತಿನಲ್ಲೇ, ಬಿಲ್ಲೆ ಹಾಕದೆ, ಚೀಲದಲ್ಲಿಟ್ಟುಕೊಂಡು ಹೊರಡತೊಡಗಿದೆ. ಮೊಳೆ ಖಾಲಿ, ಅಂದರೆ ನಾನು ಕೋಣೆಯಲ್ಲಿದ್ದೇನೆ. ಮನೆಯಲ್ಲೇ ಕುಳಿತು ನಕ್ಷೆ ಬರೆಯುವ ದಿನಗಳೂ ನನಗೆ ಎಷ್ಟೋ ಇದ್ದುವು. ಅಂಥ ದಿನ ನೀರಿಗೆ ಬಿಟ್ಟರೆ ಹೊರಗೇ ಬರುತ್ತಿರಲಿಲ್ಲ. ಅಡುಗೆಯೂ ನನ್ನದು ನನಗೇ. ಬೀಗ ಹಾಕಿದರೆ ಗೊತ್ತಾಗುತ್ತದೆಂದು ಬಾಗಿಲನ್ನು ಬರಿದೇ ಎಳೆದುಕೊಳ್ಳುತ್ತಿದ್ದೆ. ಹೊಲಕ್ಕೆ ಬೂಟು ಹಾಕಿಕೊಂಡು ಹೋಗುವವಳಾದ್ದರಿಂದ ಚಪ್ಪಲಿ ಹೊಸ್ತಿಲಲ್ಲೇ ಉಳಿಯುತ್ತಿತ್ತು. ರಾತ್ರಿ ಹಿತ್ತಲ ಕಡೆಯಿಂದ ಬಂದು ಮೆಲ್ಲಗೆ ಒಳಸೇರಿದರೆ ಮುಗಿಯಿತು. ತಾತ ಏಳಕ್ಕೇ ಉಂಡು ಎಲೆಯಡಿಕೆ ಹಾಕಿಕೊಂಡಿರುತ್ತಿದ್ದರು. ಅವರ ಹೊಟ್ಟೆ ತಣ್ಣಗೆ, ನನ್ನ ಮನಸ್ಸು ತಣ್ಣಗೆ. ಆರೇಳು ಸಲ ಹೀಗೆ ಮಾಡಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆ ವರ್ಷ ಮಳೆ ಹಿಡಿದರೆ ಬಿಡಲಿಲ್ಲ. ಐದು ದಿನ ಸೂರ್ಯ ಕಾಣಲಿಲ್ಲ. ನನ್ನ ಕೋಣೆಯ ಒಂದು ಮೂಲೆ ಸೋರುತ್ತಿತ್ತು. ಮಳೆ ಬಿಟ್ಟ ಮೇಲೆ ಮಾಳಿಗೆಗೆ ಹೊಸ ಮಣ್ಣು ಹಾಕಿಸುತ್ತೇನೆ ಎಂದಿದ್ದರು ತಾತ. ಆರನೇ ದಿನ ಜವಳಗೇರಾದಲ್ಲಿ ಒಂದು ಗದ್ದೆಯ ಹದ್ದು ಗುರುತಿಸುವ ಕೆಲಸವಿತ್ತು. ಎಂದಿನಂತೆ ಬಿಲ್ಲೆ ಚೀಲದಲ್ಲಿಟ್ಟುಕೊಂಡು ಹೊರಟೆ.

ಜವಳಗೇರಾದಲ್ಲಿ ಬದುವೇ ಕಾಣದ ಹಾಗೆ ನೀರು ನಿಂತಿತ್ತು. ಆಂಧ್ರದಿಂದ ಬಂದು ನೆಲೆಸಿದ ರೈತರು ಟ್ರ್ಯಾಕ್ಟರಿನ ಮೇಲೆ ಕುಳಿತುಕೊಂಡೇ "ಮೇಡಂಗಾರು, ಇವತ್ತು ಆಗಲ್ಲಂಡಿ" ಎಂದು ತಮ್ಮ ತೆಲುಗುಗನ್ನಡದಲ್ಲಿ ಹೇಳಿ ಕಳಿಸಿದರು. ಹನ್ನೊಂದು ಗಂಟೆಗೇ ಬಿಡುವಾಯಿತು. ನೇರ ಮನೆಗೆ ಬರಬಹುದಿತ್ತು. ನಾನು ಸಿಂಧನೂರಿಗೆ ಹೋದೆ. ಗೆಳತಿಯನ್ನು ಕರೆದುಕೊಂಡು ಬಿರಿಯಾನಿ ತಿಂದು, ಸಿನಿಮಾ ನೋಡಿದೆ. ಸಿನಿಮಾದ ನಡುವೆ ಫೋನಿನ ಚಾರ್ಜು ಮುಗಿಯಿತು. ಒಳ್ಳೆಯದೇ ಆಯಿತು, ಅಣ್ಣನ ಕಾಟವಿಲ್ಲ ಎಂದುಕೊಂಡೆ.

ಏಳು ಗಂಟೆಯ ಸುಮಾರಿಗೆ ಓಣಿಗೆ ತಿರುಗಿದರೆ ನಮ್ಮ ಮನೆಯ ಮುಂದೆ ಜನವೋ ಜನ. ತಾತನಿಗೆ ಏನೋ ಆಗಿದೆ ಎಂದುಕೊಂಡೆ. ಜನರ ನಡುವೆ ನುಗ್ಗಿ ಅಂಗಳಕ್ಕೆ ಬಂದೆ.

ನನ್ನ ಕೋಣೆ ಇರಲಿಲ್ಲ. ನೆನೆದ ಗೋಡೆ ಒಂದು ಬದಿಗೆ ಕುಸಿದು, ಮಾಳಿಗೆ ಪೂರಾ ಒಳಗೆ ಕೂತಿತ್ತು. ಅರ್ಧ ಮಣ್ಣನ್ನು ಅಂಗಳಕ್ಕೆ ತೋಡಿ ಹಾಕಿದ್ದರು. ಇನ್ನೂ ನಿಂತಿದ್ದ ಒಂದು ತೊಲೆಯ ಕೆಳಗೆ ಮರದ ಗೂಟಗಳನ್ನು ಒತ್ತಿ ನಿಲ್ಲಿಸಿದ್ದರು. ಹಗಲು ಪಾಳಿ ಮುಗಿಸಿ ಬಂದ ಏಳೆಂಟು ಮಂದಿ ಗಂಡಸರು ಹಾರೆ, ಸಲಿಕೆ, ಪುಟ್ಟಿ ಹಿಡಿದು ತಲೆಗೆ ಕಟ್ಟಿಕೊಂಡ ಮನೆಯ ಟಾರ್ಚುಗಳ ಬೆಳಕಿನಲ್ಲಿ ಸಾಲಾಗಿ ನಿಂತಿದ್ದರು. ಸಾಲಿನ ತೀರ ಒಳಗೆ, ತೊಲೆಯ ಕೆಳಗೆ ಮಂಡಿಯೂರಿ, ಬರಿಗೈಯಿಂದ ಮಣ್ಣು ಎಳೆಯುತ್ತಿದ್ದವರು ತಾತ.

ಅಮ್ಮ ನನ್ನನ್ನು ಮೊದಲು ನೋಡಿದರು. ಅವರ ಬಾಯಿಂದ ಬಂದದ್ದು ಮಾತೋ ಕೂಗೋ ನನಗೆ ಇಂದಿಗೂ ಗೊತ್ತಿಲ್ಲ. ಎಲ್ಲರೂ ತಿರುಗಿದರು. ತಾತ ಕೊನೆಗೆ ತಿರುಗಿದರು. ಹಣೆಯ ವಿಭೂತಿಯ ಮೇಲೆಲ್ಲ ಕೆಸರು. ಬೆರಳುಗಳಿಂದ ರಕ್ತ ಇಳಿಯುತ್ತಿತ್ತು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬೂಟು ನೋಡಿ, ಆಮೇಲೆ ಒಬ್ಬರ ಕೈ ಹಿಡಿದು ಮೆಲ್ಲಗೆ ಎದ್ದು ನಿಂತರು.

"ಮ್ಯಾಲ ಬರ್ರಿ ಎಲ್ಲಾರೂ," ಎಂದರು ಒಳಗಿದ್ದವರಿಗೆ. "ಒಳಗ ಯಾರೂ ಇಲ್ಲ."

ಪಕ್ಕದ ಮನೆಯ ಡ್ರಿಲ್ ಕೆಲಸಗಾರ, ನಲವತ್ತರ ಆಸುಪಾಸಿನವನು, ನನಗೆ ನೀರು ತಂದುಕೊಟ್ಟು ಎಲ್ಲ ಹೇಳಿದ. ಮೂರು ಗಂಟೆಗೆ ಕೋಣೆ ಬಿತ್ತು. ಜನ ಓಡಿ ಬಂದು, ಮೇಡಂ ಕೆಲಸಕ್ಕ ಹೋಗಿರಬೇಕು ಬಿಡ್ರಿ ಎಂದರಂತೆ. ತಾತ ಬೋರ್ಡಿನ ಕಡೆ ಕೈ ತೋರಿಸಿದರು. ಮೊಳೆ ಖಾಲಿ ಐತಿ, ಹುಡುಗಿ ಒಳಗ ಅದಾಳ. ಫೋನ್ ಮಾಡಿದರೆ ಸ್ವಿಚ್ ಆಫ್. ಫೋನೂ ಮಣ್ಣಿನ ಕೆಳಗೇ ಇದೆ ಎಂದುಕೊಂಡರು. ಹೊಸ್ತಿಲ ಬಳಿ ನನ್ನ ಚಪ್ಪಲಿ ಸಿಕ್ಕಿತು. ಅಲ್ಲಿಂದ ಮುಂದೆ ಯಾರೂ ಪ್ರಶ್ನೆ ಕೇಳಲಿಲ್ಲ.

"ಐದು ಗಂಟಿ ಸುಮಾರಿಗೆ ನೀವು ಹೊದ್ಕೊಳ್ಳೋ ಕೌದಿ ಸಿಕ್ತು ನೋಡ್ರಿ," ಎಂದ ಅವನು. "ಸುತ್ತಿ ಇಟ್ಟಿದ್ರಿ ಕಾಣಸ್ತದ. ಕೈಗೆ ಹತ್ತಿದ ಕೂಡ್ಲೆ ನಮ್ಮ ತಾತಗ ಅದು ನೀವ ಅನಿಸಿಬಿಡ್ತು. ಅವಾಗಿಂದ ಹೊರಗ ಬರ್ರೀ ಅಂದ್ರ ಬರವಲ್ರು. ತೊಲಿ ಜೋತಾಡಾಕತ್ತಿತ್ತು. ನಾವು ದಿನಾ ಇಳಿಯೋರು, ನಮಗ ರೂಢಿ. ಅವರು ಇಳಿದವರ ಅಲ್ಲ." ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದ. "ಬಿಲ್ಲಿ ಹಾಕೂದು ಮರ್ತಿರಬೇಕು ನೀವು. ಹೋಗ್ಲಿ ಬಿಡ್ರಿ. ಯಾರಿಗಾದ್ರೂ ಮರವು ಆಗ್ತದ."

ನಾನು ಹೌದೆನ್ನುವಂತೆ ತಲೆಯಾಡಿಸಿದೆ. ಅಷ್ಟು ಜನ, ಅಷ್ಟು ಕೆಸರು ಮೆತ್ತಿದ ಕೈಗಳು, ಅವರ ನಡುವೆ ನಿಂತು ಮರೆವಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಅವರು ಒಬ್ಬೊಬ್ಬರಾಗಿ ನನ್ನ ಮುಂದೆಯೇ ಹಾದು ಹೋದರು. ಒಬ್ಬರೂ ಒಂದು ಕೆಟ್ಟ ಮಾತಾಡಲಿಲ್ಲ. ಒಬ್ಬನಂತೂ, "ಚಲೋ ಆತು, ಇದ್ದಿರಲ್ಲ," ಎಂದು ಸಲಿಕೆ ಹೆಗಲಿಗೇರಿಸಿದ.

ಅಮ್ಮ ಮಾತ್ರ ಸೆರಗಿನಿಂದ ಮೂಗು ಒರೆಸಿಕೊಂಡು, "ನಾಳೆ ಬ್ಯಾರೆ ಮನಿ ನೋಡ್ಕೋ. ನಿನ್ನ ಸಂಗಾಟ ನಮಗ ಸಾಕು," ಎಂದರು.

"ಆಕಿ ಎಲ್ಲಿ ಹೋಗ್ತಾಳ?" ಎಂದರು ತಾತ. "ಕೋಣಿ ನಮ್ಮದು ಬಿದ್ದೈತಿ. ಪಡಸಾಲಿಯೊಳಗ ಹಾಸು."

ಬೆಳಿಗ್ಗೆ ಅಮ್ಮ ತಾತನ ಬೆರಳುಗಳಿಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟುತ್ತಿದ್ದರು. ನಾನು ಎದುರಿಗೆ ಹೋಗಿ ಕುಳಿತೆ. ತಾತ ನನ್ನ ಕಡೆ ನೋಡದೆಯೇ ಕೇಳಿದರು, "ಮರ್ತಿದ್ದೇನು?"

ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಊರಿಗೆ ಊರೇ ಆ ಮಾತನ್ನು ನನ್ನ ಬಾಯಿಗೆ ಇಟ್ಟು ಹೋಗಿತ್ತು.

"ಇಲ್ಲ ತಾತ. ಬೇಕಂತಲೇ ಹಾಕಿರಲಿಲ್ಲ. ಸಿಂಧನೂರಿನಲ್ಲಿ ಸಿನಿಮಾ ನೋಡುತ್ತ ಕೂತಿದ್ದೆ."

ಅಮ್ಮನ ಕೈ ನಿಂತಿತು.

"ಅದ ಮೊದಲ ಸಲ ಏನು?" ಎಂದರು ತಾತ.

"ಅಲ್ಲ. ಆರೇಳು ಸಲ. ತಡ ಆಗುವ ದಿನ ಹಾಗೆ ಮಾಡುತ್ತಿದ್ದೆ. ನೀವು ಉಣ್ಣದೆ ಕಾಯುತ್ತೀರಿ ಅಂತ." ಅದೂ ಅರ್ಧ ಸತ್ಯ ಎನಿಸಿ ಇನ್ನರ್ಧವನ್ನೂ ಹೇಳಿದೆ. "ನೀವು ಕಾಯುವುದು ನನಗೆ ಬೇಡವಾಗಿತ್ತು."

ತಾತ ಕಟ್ಟು ಹಾಕಿದ ಬೆರಳುಗಳನ್ನು ಮಡಿಚಿ ಬಿಚ್ಚಿ ನೋಡಿದರು. ಸಿಟ್ಟು ಮಾಡಿಕೊಳ್ಳುತ್ತಾರೆ ಎಂದು ನಾನು ಕಾದಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಅಂದ್ರ ಅವತ್ತೆಲ್ಲ," ಎಂದರು, "ನೀ ಹೊರಗ ಇದ್ದಿ. ನಾ ಒಳಗ ಉಂಡೀನಿ."

ಅಷ್ಟೇ ಹೇಳಿ ಎದ್ದರು. ಮಧ್ಯಾಹ್ನ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ತಲೆಬಾಗಿಲ ಪಕ್ಕದ ಹಲಗೆ ಇರಲಿಲ್ಲ. ಗೋಡೆಯಲ್ಲಿ ಅದಿದ್ದ ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ನನ್ನ ಬಿಲ್ಲೆಯನ್ನು ಕೊಡಲು ಹೋದರೆ, ಅಲ್ಲೇ ಎಲ್ಲಾದರೂ ಇಡು ಎಂದರು.

ಆಮೇಲಿನ ಒಂದು ತಿಂಗಳು ನಾನು ಬಯಸಿದಂತೆಯೇ ಇತ್ತು. ಪಡಸಾಲೆಯ ಮೂಲೆಯಲ್ಲಿ ನನ್ನ ಹಾಸಿಗೆ, ಮಣ್ಣಿನಿಂದ ತೆಗೆದು ತೊಳೆದ ಪಾತ್ರೆಗಳು, ನಕ್ಷೆಯ ಕೊಳವೆಗಳು. ಊಟ ಅವರೊಂದಿಗೇ. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ, ಯಾವಾಗ ಎಂದೂ ಕೇಳಲಿಲ್ಲ. ತಾತ ಏಳು ಹೊಡೆದ ಕೂಡಲೇ ಉಣ್ಣಲು ಕೂರುತ್ತಿದ್ದರು, ನಾನು ಬಂದಿರಲಿ ಬಿಡಲಿ. ನಾನು ತಡವಾಗಿ ಬಂದರೆ ತಲೆ ಎತ್ತುತ್ತಿರಲಿಲ್ಲ. ನನಗೆ ಮುಚ್ಚಿಟ್ಟ ತಾಟಿನ ಮುಂದೆ ಒಬ್ಬಳೇ ಕುಳಿತು ತಿನ್ನುತ್ತಿದ್ದೆ. ಅವರು ಮಾತು ಬಿಟ್ಟಿರಲಿಲ್ಲ. ನೀರು ಬಂತು, ಕರೆಂಟು ಹೋಯಿತು, ಅಷ್ಟೆಲ್ಲ ಹೇಳುತ್ತಿದ್ದರು. ಆದರೆ ನಾನು ಗಣಿಯ ಬಗ್ಗೆ ಏನಾದರೂ ಕೇಳಿದರೆ, ಈಗ ಎಲ್ಲ ಬದಲಾಗೈತಿ, ನನಗೇನು ಗೊತ್ತು ಎಂದು ಬಾಯಿ ಮುಚ್ಚಿಸುತ್ತಿದ್ದರು. ಬೇಕೆಂದದ್ದು ಕೈಗೆ ಸಿಕ್ಕ ಮೇಲೆ ಅದನ್ನು ಇಟ್ಟುಕೊಳ್ಳಲು ನನಗೆ ಜಾಗವೇ ಸಿಗಲಿಲ್ಲ. ಒಂದೆರಡು ಸಲ ಬಸ್ಸಿನಲ್ಲಿ ಕುಳಿತು ಅತ್ತೆ ಕೂಡ.

ಅಮ್ಮ ನನ್ನ ಮೇಲಿನ ಸಿಟ್ಟನ್ನು ಹದಿನೈದು ದಿನಕ್ಕೇ ಮುಗಿಸಿದ್ದರು. "ಹೊಟ್ಟಿ ತುಂಬ ಉಣ್ಣಾಕತ್ತಾರ, ಆದ್ರ ಮೈಗೆ ಹತ್ತವಲ್ದು ಅವರಿಗೆ," ಎಂದರು ಒಂದು ದಿನ ನನ್ನ ಕಿವಿಯಲ್ಲಿ. "ನೀ ಏನರ ಮಾಡು."

ಏನು ಮಾಡುವುದು? ಹಲಗೆಯನ್ನು ಮತ್ತೆ ಹೊಡೆಯಿರಿ ಎಂದು ಕೇಳಿದೆ. ಅದರ ಕಾಲ ಮುಗೀತು ಎಂದರು. ಬೋರ್ಡನ್ನು ಸುಳ್ಳು ಮಾಡಿದವಳು ನಾನು. ಅದನ್ನು ಮತ್ತೆ ನಂಬಿ ಎಂದು ಯಾವ ಬಾಯಿಯಿಂದ ಒತ್ತಾಯಿಸಲಿ?

ಜವಳಗೇರಾದ ಗದ್ದೆಯ ನೀರು ಇಳಿದು, ನಿಂತ ಕೆಲಸ ಮತ್ತೆ ಬಂತು. ಆ ದಿನ ಬೆಳಿಗ್ಗೆ ತಾತ ಚಹಾಕ್ಕೆ ಹೊರಡಲು ಟವೆಲ್ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ನಾನು ಬೂಟಿನ ದಾರ ಕಟ್ಟಿ ಅವರ ಎದುರಿಗೆ ನಿಂತೆ.

"ತಾತ, ಜವಳಗೇರಾಕ್ಕ ಹೊಂಟೀನಿ. ಕಾಲುವಿ ಪಕ್ಕದ ಗದ್ದಿ. ಮೂರಕ್ಕ ಮುಗೀತದ. ಆರು ಗಂಟಿ ಬಸ್ಸಿಗೆ ಬರ್ತೀನಿ."

ಮೂವತ್ತೆರಡು ವರ್ಷದಲ್ಲಿ, ಕೇಳದೆಯೇ, ಯಾರಿಗೂ ನಾನು ಇಷ್ಟು ಹೇಳಿದವಳಲ್ಲ. ಆಫೀಸಿನ ಮಾತು ಬಿಟ್ಟು ಅವರ ಆಡುಮಾತೇ ನನ್ನ ಬಾಯಲ್ಲಿ ಬಂದದ್ದೂ ನನಗೆ ಆಶ್ಚರ್ಯವಾಯಿತು.

"ನನಗ್ಯಾಕ ಹೇಳ್ತಿ?" ಎಂದು ತಾತ ಚಪ್ಪಲಿ ಮೆಟ್ಟಿ ಹೊರಟುಹೋದರು.

ಕೆಲಸ ಮೂರಕ್ಕೆ ಮುಗಿಯಿತು. ಆದರೆ ಬಸ್ಸು ಮಸ್ಕಿ ದಾಟಿದ್ದೇ ತಡ, ಏನೋ ಕಟ್ಟಾಗಿ ನಿಂತಿತು. ಇಳಿದು ರಸ್ತೆಯಲ್ಲಿ ನಿಂತೆವು. ಆರಾಯಿತು. ಆರೂವರೆ. ಫೋನಿನಲ್ಲಿ ಚಾರ್ಜಿತ್ತು. ತಾತನ ನಂಬರು ತೆಗೆದು ಬೆರಳು ಇಟ್ಟು ಮತ್ತೆ ತೆಗೆದೆ. ನನಗ್ಯಾಕ ಹೇಳ್ತಿ ಎಂದವರಿಗೆ ಫೋನ್ ಮಾಡಿ ಏನೆಂದು ಹೇಳುವುದು? ಹೇಗೂ ಏಳಕ್ಕೆ ಉಂಡಿರುತ್ತಾರೆ. ಇನ್ನೊಂದು ಬಸ್ಸು ಬಂದು, ನಿಂತುಕೊಂಡೇ ಲಿಂಗಸುಗೂರು ಮುಟ್ಟಿ, ಹಟ್ಟಿಗೆ ಬಂದಾಗ ಎಂಟಾಗಿತ್ತು.

ಓಣಿಯ ತಿರುವಿನಿಂದಲೇ ಕಂಡರು. ಜಗಲಿಯ ಮೇಲಲ್ಲ, ಬೀದಿಯಲ್ಲೇ ನಿಂತಿದ್ದರು, ಬೆನ್ನ ಹಿಂದೆ ಕೈ ಕಟ್ಟಿಕೊಂಡು. ನಾನು ಹತ್ತಿರ ಬರುವವರೆಗೂ ಅಲುಗಲಿಲ್ಲ.

"ಆರು ಗಂಟಿ ಅಂದಿದ್ದಿ. ಈಗೆಷ್ಟು?"

"ಬಸ್ ಕೆಟ್ಟಿತ್ತು ತಾತ. ಮಸ್ಕಿ ದಾಟಿ."

"ಬಸ್ ಕೆಡ್ತಾವು! ನಿನ್ನ ಬಾಯೂ ಕೆಟ್ಟಿತ್ತೇನು? ಕೈಯಾಗ ಫೋನ್ ಯಾಕ ಹಿಡ್ಕೊಂಡು ತಿರಗ್ತಿ, ಪೂಜಿ ಮಾಡಾಕ?" ಆ ದನಿ ನಾನು ಕೇಳಿರಲೇ ಇಲ್ಲ. ಎದುರು ಮನೆಯ ಬಾಗಿಲು ತೆರೆಯಿತು. "ಅವತ್ತು ಎಷ್ಟು ಮಂದಿ ಆ ತೊಲಿ ಕೆಳಗ ಹೊಕ್ಕಿದ್ರು, ಎಣಸಿದ್ದೇನು ನೀ? ಎಲ್ಲಾರಿಗೂ ಮಕ್ಕಳು ಮರಿ ಅದಾವು. ನಾ ಹೇಳೀನಿ ಅಂತ ಇಳಿದ್ರು. ಒಬ್ಬನ ಮ್ಯಾಲ ಬಿದ್ದಿದ್ರ ಅವನ ಹೆಂಡ್ತಿಗೆ ನಾ ಏನ್ ಹೇಳ್ತಿದ್ದೆ? ಯಾರೂ ಇಲ್ಲದ ಮಣ್ಣಾಗ ನಿನ್ನ ಗಂಡನ್ನ ಇಳಿಸಿದೆ ನಮ್ಮವ್ವಾ ಅಂತ ಹೇಳಲೇನು? ಜೀವಮಾನದಾಗ ಒಬ್ಬನ್ನ ಸುಳ್ಳ ಇಳಿಸಿದಾಂವ ಅಲ್ಲ ನಾ! ಮತ್ತ ಆ ಕೌದಿ... ಆ ಕೌದಿ ಕೈಗೆ ಹತ್ತಿದಾಗ..."

ಟವೆಲಿನಿಂದ ಬಾಯಿ ಒರೆಸಿಕೊಂಡು, ನನ್ನ ಬೂಟಿಗೆ ಬೈದರು. ಸಿಂಧನೂರಿನ ಸಿನಿಮಾ ಥೇಟರಿಗೆ ಬೈದರು. ಮಸ್ಕಿಯ ಬಸ್ಸುಗಳಿಗೆ, ಸರ್ವೆ ಕೆಲಸಕ್ಕೆ, ಹೆಣ್ಣುಮಕ್ಕಳನ್ನು ಊರೂರು ಅಲೆಸುವ ಸರಕಾರಕ್ಕೆ ಬೈದರು. ಒಂದು ತಿಂಗಳಿಂದ ತಡೆದಿಟ್ಟದ್ದೆಲ್ಲ ಬಂತು. ಒಂದು ಮಾತೂ ಸುಳ್ಳಾಗಿರಲಿಲ್ಲ. ನಾನು ಚೀಲ ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದೆ. ಕಣ್ಣಿಂದ ನೀರು ಇಳಿಯುತ್ತಿತ್ತು. ಆದರೆ ಅಷ್ಟು ಸಂತೋಷ ನನಗೆ ಆ ಊರಿನಲ್ಲಿ ಅದುವರೆಗೆ ಆಗಿರಲಿಲ್ಲ.

ಅಮ್ಮ ಬಾಗಿಲಿಗೆ ಬಂದು ನಿಂತರು. "ಸಾಕ ಮಾಡ್ರಿ. ಇಬ್ರೂ ಒಳಗ ಬರ್ರಿ. ನೀವೂ ಉಂಡಿಲ್ಲ, ನಂದೂ ಉಣ್ಣೂದು ಆಗಿಲ್ಲ. ರೊಟ್ಟಿ ಆರಿ ಹೋದವು."

"ಆರ್ಲಿ!" ಎಂದರು ತಾತ. "ನಂದಿನ್ನೂ ಮುಗಿದಿಲ್ಲ."

ಅವರು ಮುಗಿಸುವವರೆಗೂ ನಾನು ಅಲ್ಲೇ ನಿಂತೆ.